ಕ್ರಿಸ್‌ಮಸ್ ದೀಪದ ಮರಕ್ಕೆ ಒಂದೂವರೆ ಇಂಚಿನ ಜಿಐ ಪೈಪ್: ಗಾಳಿಗೆ ನಿಲ್ಲುತ್ತದೆಯೇ?

ತೀರ್ಪು ಮೊದಲೇ ಹೇಳಿಬಿಡೋಣ. ಅಂಗಳದಲ್ಲಿ ಐದು ಮೀಟರ್ ಎತ್ತರದ ದೀಪದ ಮರ (ಕಂಬದ ತುದಿಯಿಂದ ಸುತ್ತಲೂ ನೆಲಕ್ಕೆ ಇಳಿಬಿಟ್ಟ ದೀಪದ ಸರಗಳು) ನಿಲ್ಲಿಸಲು ಪೇಟೆಯಲ್ಲಿ ಸಿಗುವ ಕಂಬಗಳಲ್ಲಿ ನಮ್ಮ ಮತ ಒಂದೂವರೆ ಇಂಚಿನ ‘ಬಿ’ ಕ್ಲಾಸ್ (ಮಧ್ಯಮ ದಪ್ಪದ) ಜಿಐ ಪೈಪಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೆ. ಐದಕ್ಕೆ ನಾಲ್ಕೂವರೆ ಅಂಕ. ಆದರೆ ಆ ಅಂಕ ಪೈಪಿಗೊಂದಕ್ಕೇ ಅಲ್ಲ. ಪೈಪು, ಅದರ ಗುಂಡಿ, ಕಂಬವನ್ನು ನೆಲಕ್ಕೆ ಬಿಗಿಯುವ ಮೂರು ತಂತಿ (ಸ್ಟೇ ವೈರ್) ಸೇರಿ. ಸ್ಟೇ ಇಲ್ಲದ ಪೈಪಿಗೆ ಎರಡು ಅಂಕ ಕೊಟ್ಟರೂ ಹೆಚ್ಚೇ. ಗಟ್ಟಿ ಬೇಕೆಂದು ಎರಡು ಇಂಚಿನ ‘ಸಿ’ ಕ್ಲಾಸ್ ಪೈಪಿಗೆ ದುಡ್ಡು ಸುರಿದು, ತುದಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟುವವರೇ ಜಾಸ್ತಿ. ಖರ್ಚು ತಪ್ಪು ಜಾಗದಲ್ಲಾಗುತ್ತಿದೆ.

ಲೆಕ್ಕ ನೋಡಿ. 16 ಎಳೆ ದೀಪದ ಸರ, ತುದಿಯಲ್ಲಿ ಎರಡಡಿಯ ನಕ್ಷತ್ರ, ನೆಲದಿಂದ 5.4 ಮೀಟರ್ ಕಂಬ. ಸರ ನೋಡಲು ನೂಲಿನಷ್ಟು ತೆಳ್ಳಗೆ, ಆದರೆ ವೈರು ಬಲ್ಬು ಸೇರಿ ಎಲ್ಲ ಎಳೆಗಳ ಮೈಯನ್ನು ಕೂಡಿಸಿದರೆ ಅರ್ಧ ಚದರ ಮೀಟರಿನಷ್ಟು ಗಾಳಿಗೆ ಎದುರಾಗಿರುತ್ತದೆ. ಗಂಟೆಗೆ 72 ಕಿ.ಮೀ. ಗಾಳಿಯಲ್ಲಿ ಸರ ಮತ್ತು ನಕ್ಷತ್ರ ಸೇರಿ ಕಂಬದ ತುದಿಯನ್ನು ಸುಮಾರು 14 ಕಿಲೋ ಬಲದಿಂದ ಪಕ್ಕಕ್ಕೆ ಎಳೆಯುತ್ತವೆ. ಕಂಬದ ಮೈಮೇಲೆ ಬೀಳುವ ಗಾಳಿ ಬೇರೆ. ಸ್ಟೇ ಇಲ್ಲದಿದ್ದರೆ ಒಂದೂವರೆ ಇಂಚಿನ ಪೈಪಿನ ತುದಿ ಒಂದಡಿ ಬಾಗುತ್ತದೆ, ಬುಡದಲ್ಲಿ ಉಕ್ಕು ತಾಳುವ ಮಿತಿಯ ಮುಕ್ಕಾಲು ಪಾಲು ಮುಗಿದಿರುತ್ತದೆ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 100 ಕಿ.ಮೀ. ಬೀಸಿದರೆ ಅದೇ ಬಲ ಹೆಚ್ಚುಕಡಿಮೆ ಇಮ್ಮಡಿ. ಆಗ ಪೈಪು ಬಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಎರಡು ಇಂಚಿನದಾದರೆ ಬಾಗುವುದು ಅರ್ಧಕ್ಕಿಳಿಯುತ್ತದೆ, ಅಷ್ಟೆ, 100 ಕಿ.ಮೀ. ಗಾಳಿಯಲ್ಲಿ ಅದೂ ಅಂಚಿಗೆ ಬಂದು ನಿಲ್ಲುತ್ತದೆ.

ಅಷ್ಟು ಗಾಳಿ ನಮ್ಮಲ್ಲಿ ಎಲ್ಲಿದೆ ಎನ್ನುವವರಿಗೆ: ಕಟ್ಟಡಗಳ ಗಾಳಿ ಲೆಕ್ಕಕ್ಕೆ ಬಳಸುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಮೂಲ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. 39 ಅಂದರೆ ಗಂಟೆಗೆ 140 ಕಿ.ಮೀ. ಅದು ಅಪರೂಪದ ಗಾಳಿಯ ಲೆಕ್ಕ, ನಾಲ್ಕು ವಾರದ ಅಲಂಕಾರಕ್ಕೆ ಅಷ್ಟನ್ನೂ ತಡೆಯುವಂತೆ ಕಟ್ಟಬೇಕಿಲ್ಲ. ಆದರೆ ಮರ ಏಳುವ ಹೊತ್ತಿಗೇ ಚಂಡಮಾರುತದ ಕಾಲವೂ ಇರುತ್ತದೆ ಎಂಬುದು ನೆನಪಿರಲಿ. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಅರಬ್ಬಿ ಸಮುದ್ರದಲ್ಲೇ ಹಾದುಹೋಯಿತು. 2024ರಲ್ಲಿ ಪುದುಚೇರಿ ಬಳಿ ದಡ ಸೇರಿದ ಫೆಂಗಲ್‌ನ ಬಾಲ ಡಿಸೆಂಬರ್ ಮೊದಲ ವಾರ ಕರಾವಳಿಗೂ ಮಳೆ ತಂದಿತು. 100 ಕಿ.ಮೀ.ವರೆಗೆ ನಿಲ್ಲುವಂತೆ ಕಟ್ಟಿ, ಅದಕ್ಕಿಂತ ಹೆಚ್ಚಿನ ಮುನ್ಸೂಚನೆ ಬಂದರೆ ನಕ್ಷತ್ರ, ಸರ ಎರಡನ್ನೂ ಇಳಿಸುವುದು ಸರಿಯಾದ ಲೆಕ್ಕಾಚಾರ.

ಈಗ ಪೈಪು ಕೊಳ್ಳುವ ವಿಚಾರ. ಜಿಐ ಪೈಪಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ: ಹಳದಿ ‘ಎ’, ನೀಲಿ ‘ಬಿ’, ಕೆಂಪು ‘ಸಿ’. ಐಎಸ್ 1239ರ ಪ್ರಕಾರ ಒಂದೂವರೆ ಇಂಚಿನ ಪೈಪಿನ ಹೊರ ಅಳತೆ 48.3 ಮಿ.ಮೀ., ‘ಬಿ’ ಕ್ಲಾಸಿನ ದಪ್ಪ 3.2 ಮಿ.ಮೀ. ಆರು ಮೀಟರಿನ ಒಂದು ಪೂರ್ತಿ ಪೈಪು 21ರಿಂದ 22 ಕಿಲೋ ತೂಗಬೇಕು. ಪಟ್ಟಿ ನೋಡಿ ನಂಬಬೇಡಿ, ತೂಕ ಹಾಕಿಸಿ. 17 ಕಿಲೋ ತೂಗಿದರೆ ಅದು ಬೇಲಿಗೆ, ಚಪ್ಪರಕ್ಕೆ ಮಾರುವ ತೆಳು ಪೈಪು. ಬಣ್ಣ ಏನೇ ಇರಲಿ, ಬೇಡ. ಟಾಟಾ, ಜಿಂದಾಲ್, ಅಪೊಲೊ ಯಾವುದಾದರೂ ಆಗುತ್ತದೆ. ಮೈಮೇಲೆ ಐಎಸ್‌ಐ ಗುರುತು ಒತ್ತಿರಬೇಕು.

ಪೂರ್ತಿ ಆರು ಮೀಟರ್ ಪೈಪನ್ನೇ ತನ್ನಿ. ಸಾಗಿಸಲು ಕಷ್ಟವೆಂದು ಅಂಗಡಿಯಲ್ಲೇ ಎರಡು ತುಂಡು ಮಾಡಿಸಿ, ಮರೆ (ತಿರುಪಿನ ಹಲ್ಲು) ಕೊಯ್ಯಿಸಿ, ಸಾಕೆಟ್ ಹಾಕಿ ಜೋಡಿಸುವುದು ಈ ಕೆಲಸದಲ್ಲಿ ನಡೆಯುವ ಅತಿ ದೊಡ್ಡ ಎಡವಟ್ಟು. ಒಂದೂವರೆ ಇಂಚಿನ ಪೈಪಿನ ಮರೆಯ ಆಳ ಸುಮಾರು ಒಂದೂವರೆ ಮಿ.ಮೀ. 3.2 ಮಿ.ಮೀ. ದಪ್ಪದಲ್ಲಿ ಅಷ್ಟು ಹೋದರೆ ಉಳಿಯುವುದು ಅರ್ಧ ಮಾತ್ರ, ಅದೂ ಸತು ಲೇಪ ಕಿತ್ತ ಬರೀ ಕಬ್ಬಿಣ. ಗಾಳಿಗೆ ಆಚೀಚೆ ತೂಗಾಡುತ್ತ ಕಂಬ ಮುರಿಯುವುದು ಯಾವಾಗಲೂ ಸಾಕೆಟ್‌ನ ಬಾಯಲ್ಲೇ. ಆರು ಮೀಟರಿಗಿಂತ ಎತ್ತರ ಬೇಕೆಂದರೆ ಕೆಳಗೆ ಎರಡು ಇಂಚಿನ ಪೈಪು, ಅದರೊಳಗೆ ಒಂದೂವರೆ ಇಂಚಿನದು 60 ಸೆಂ.ಮೀ. ಇಳಿಯುವಂತೆ ಮಾಡಿ, ಒಂದಕ್ಕೊಂದು ಅಡ್ಡವಾಗಿ ಎರಡು ಬೋಲ್ಟ್ ಹಾಕಿ. ಎರಡು ಇಂಚಿನ ‘ಬಿ’ ಕ್ಲಾಸಿನ ಒಳ ಅಳತೆ 53 ಮಿ.ಮೀ., ಹಾಗಾಗಿ 48.3 ಸಲೀಸಾಗಿ ಇಳಿದು ಐದು ಮಿ.ಮೀ. ಸಡಿಲು ಉಳಿಯುತ್ತದೆ, ಅದನ್ನು ತಗಡಿನ ಪಟ್ಟಿ ಸುತ್ತಿ ತುಂಬಬೇಕು. ಒಂದೂವರೆ ಇಂಚಿನೊಳಗೆ ಒಂದೂಕಾಲು ಇಂಚಿನದನ್ನು ತೂರಿಸಬಹುದೆಂದು ಕೊಳ್ಳಬೇಡಿ. ಒಳಗೆ 41.9, ಹೊರಗೆ 42.4, ಸುತ್ತಿಗೆಯಲ್ಲಿ ಹೊಡೆದರೂ ಹೋಗದು.

ಗುಂಡಿ. ಕಂಬವನ್ನೇ ಕಾಂಕ್ರೀಟಿನಲ್ಲಿ ಹೂಳುವ ಬದಲು ಎರಡು ಇಂಚಿನ ‘ಬಿ’ ಕ್ಲಾಸ್ ಪೈಪಿನ 90 ಸೆಂ.ಮೀ. ತುಂಡನ್ನು ಹೂತರೆ ಪ್ರತಿ ವರ್ಷ ಕಂಬ ಇಳಿಸಿ ತೆಗೆಯಬಹುದು. ಅಗಲ ಉದ್ದ 45 ಸೆಂ.ಮೀ., ಆಳ 75 ಸೆಂ.ಮೀ. ತೋಡಿ. ತಳದ 15 ಸೆಂ.ಮೀ.ಗೆ ಬರೀ ಜಲ್ಲಿ. ಅದರ ಮೇಲೆ ತುಂಡು ಪೈಪನ್ನು ನಿಲ್ಲಿಸಿ ಸುತ್ತ ಕಾಂಕ್ರೀಟ್ ತುಂಬಿ. ಪೈಪು 30 ಸೆಂ.ಮೀ. ಮೇಲೆ ಉಳಿಯಲಿ. ಪೈಪಿನ ತಳ ಮುಚ್ಚಬಾರದು, ಒಳಗಿಳಿದ ನೀರು ಜಲ್ಲಿಗೆ ಹೋಗಬೇಕು. ಮುಚ್ಚಿದರೆ ಮಳೆಗಾಲವಿಡೀ ಅದು ನೀರು ತುಂಬಿದ ಲೋಟ, ಎರಡನೇ ವರ್ಷಕ್ಕೆ ಒಳಗೆ ತುಕ್ಕಿನ ಚಕ್ಕೆ ಎದ್ದು ಕಂಬ ಇಳಿಯುವುದಿಲ್ಲ. ಈ ಗುಂಡಿಗೆ 1:1½:3 (ಸಿಮೆಂಟ್, ಮರಳು, ಜಲ್ಲಿ) ಹದದಲ್ಲಿ ಒಂದು ಚೀಲ ಸಿಮೆಂಟ್ ಸರಿಯಾಗಿ ಹಿಡಿಯುತ್ತದೆ. ನೀರು 25 ಲೀಟರಿನ ಆಸುಪಾಸು, ಅದಕ್ಕಿಂತ ತೆಳು ಮಾಡಿದರೆ ಬಲ ಇಳಿಯುತ್ತದೆ. ಮೇಲ್ಮೈಯನ್ನು ಪೈಪಿನಿಂದ ಹೊರಗೆ ಇಳಿಜಾರು ಮಾಡಿ. ಏಳು ದಿನ ನೀರುಣಿಸಿದ ಮೇಲೆ ಕಂಬ ಇಳಿಸಬಹುದು. ಅಂದರೆ ನವೆಂಬರ್ ಮಧ್ಯದೊಳಗೆ ಕಾಂಕ್ರೀಟ್ ಮುಗಿದಿರಬೇಕು. ಡಿಸೆಂಬರ್ 20ಕ್ಕೆ ಗುಂಡಿ ತೋಡುವವರಿಗೆ ಈ ಪದ್ಧತಿ ಹೇಳಿದ್ದಲ್ಲ.

ತುಂಡು ಪೈಪಿನ ಹೊರಬಂದ ಭಾಗದಲ್ಲಿ ಮೇಲೆ ಮೂರು, ಕೆಳಗೆ ಮೂರು ಎಂದು 10 ಮಿ.ಮೀ. ನಟ್ಟುಗಳನ್ನು ವೆಲ್ಡ್ ಮಾಡಿಸಿ, ಬೋಲ್ಟಿನಿಂದ ಕಂಬವನ್ನು ಸುತ್ತಲೂ ಒತ್ತಿ ಹಿಡಿಯಬೇಕು. ಸಡಿಲು ಐದು ಮಿ.ಮೀ. ಇರುವುದರಿಂದ ತೂಗುಗುಂಡು ಹಿಡಿದು ಕಂಬವನ್ನು ನೆಟ್ಟಗೆ ಮಾಡಲು ಇವೇ ಆರು ಬೋಲ್ಟ್ ಸಾಕು. ಒಂದೇ ಸಾಲು ಹಾಕಿದರೆ ಕಂಬ ಅದರ ಮೇಲೆ ತೂಗುತ್ತದೆ, ರಾತ್ರಿಯಿಡೀ ಟಕಟಕ ಸದ್ದು. ವೆಲ್ಡ್ ಮಾಡುವ ಜಾಗದ ಸತುವನ್ನು ಮೊದಲು ಗ್ರೈಂಡರ್‌ನಲ್ಲಿ ಉಜ್ಜಿ ತೆಗೆಸಿ. ಸುಡುವ ಸತುವಿನ ಹೊಗೆ ಕುಡಿದ ವೆಲ್ಡರ್‌ಗೆ ಅದೇ ರಾತ್ರಿ ಜ್ವರ ಬರುತ್ತದೆ. ಆಮೇಲೆ ಆ ಜಾಗಕ್ಕೆ ಸತುವಿನ ಪೇಂಟ್ ಬಳಿಯದಿದ್ದರೆ ಕಡಲ ಗಾಳಿ ಅಲ್ಲಿಂದಲೇ ತಿನ್ನಲು ಶುರು ಮಾಡುತ್ತದೆ.

ಸ್ಟೇ ವೈರ್ ವಿಚಾರಕ್ಕೆ ಬಂದರೆ ಎರಡು ದಾರಿ. ಒಂದು, ಮರದ ಒಳಗೇ ಅಡಗಿಸುವುದು: ಕಂಬದ ನಾಲ್ಕು ಮೀಟರ್ ಎತ್ತರದಿಂದ ಬುಡದಿಂದ 1.3 ಮೀಟರ್ ದೂರಕ್ಕೆ. ಕಣ್ಣಿಗೆ ಕಾಣುವುದಿಲ್ಲ, ಓಡಾಡುವ ಮಕ್ಕಳ ಕಾಲಿಗೂ ಸಿಗುವುದಿಲ್ಲ. ಆದರೆ ತಂತಿ ಬಹಳ ಕಡಿದಾಗಿ ನಿಲ್ಲುವುದರಿಂದ 72 ಕಿ.ಮೀ. ಗಾಳಿಗೆ ಗಾಳಿ ಕಡೆಯ ತಂತಿಯೊಂದೇ 78 ಕಿಲೋ ಎಳೆತ ಹೊರಬೇಕು. ಇನ್ನೊಂದು, ಹೊರಗಿನಿಂದ ಕಟ್ಟುವುದು: ತುದಿಯ ಹತ್ತಿರ 5.2 ಮೀಟರಿನಿಂದ ಬುಡದಿಂದ ಎರಡೂವರೆ ಮೀಟರ್ ದೂರಕ್ಕೆ. ಅದೇ ಗಾಳಿಗೆ ಇಲ್ಲಿ 43 ಕಿಲೋ ಮಾತ್ರ. ಅಂಗಳದಲ್ಲಿ ಐದು ಮೀಟರ್ ಅಗಲದ ಜಾಗ ಇದ್ದರೆ ಎರಡನೆಯದನ್ನೇ ಆರಿಸಿ. ಇದರಲ್ಲಿ ಇನ್ನೊಂದು ಅನುಕೂಲವಿದೆ, ಮುಂದೆ ಹೇಳುತ್ತೇವೆ. ನಾಲ್ಕು ಮೀಟರಿನಿಂದ ಹೊರಗೆ ಎಳೆಯುವ ಮಧ್ಯದ ದಾರಿ ಮಾತ್ರ ಬೇಡ; ತಂತಿ ದೀಪದ ಸರಗಳನ್ನು ಹಾಯ್ದು ಹೋಗುತ್ತದೆ, ಗಾಳಿಗೆ ಉಜ್ಜಿ ಉಜ್ಜಿ ಸರದ ವೈರಿನ ಸಿಪ್ಪೆ ಸುಲಿಯುತ್ತದೆ.

ತಂತಿ 4 ಮಿ.ಮೀ. ಉಕ್ಕಿನ ವೈರ್ ರೋಪ್ ಇರಲಿ. ಒಳ್ಳೆಯದು 800 ಕಿಲೋ ಸುಮಾರಿಗೆ ಹರಿಯುತ್ತದೆ, ನಮಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಪ್ಲಾಸ್ಟಿಕ್ ಹೊದ್ದ ಬಟ್ಟೆ ಒಣಗಿಸುವ ತಂತಿಯನ್ನು 4 ಮಿ.ಮೀ. ಎಂದು ಕೊಡುತ್ತಾರೆ, ಹೊದಿಕೆ ಸೇರಿ ಆ ಅಳತೆ, ಒಳಗಿನ ಉಕ್ಕು ಇನ್ನೂ ತೆಳ್ಳಗೆ. ಅದನ್ನೇ ಬಳಸುವುದಾದರೆ ಕ್ಲಿಪ್ ಹಾಕುವ ಕಡೆ ಹೊದಿಕೆ ಸುಲಿಯಲೇಬೇಕು, ಇಲ್ಲವಾದರೆ ಒಳಗಿನ ಉಕ್ಕು ಜಾರುತ್ತದೆ. ನೈಲಾನ್ ಹಗ್ಗ ಬೇಡ: ಒದ್ದೆಯಾದರೆ ಹಿಗ್ಗುತ್ತದೆ, ಬೆಳಿಗ್ಗೆ ಬಿಗಿದದ್ದು ಸಂಜೆ ಜೋತುಬೀಳುತ್ತದೆ. ಬೈಂಡಿಂಗ್ ವೈರ್ ಎರಡು ಎಳೆ ಹೊಸೆದು ಕಟ್ಟುವುದು ಇನ್ನೂ ಕೆಟ್ಟದ್ದು.

ಪ್ರತಿ ತುದಿಗೆ ಒಂದು ಥಿಂಬಲ್ (ತಂತಿಯ ಕುಣಿಕೆಯೊಳಗೆ ಕೂರುವ ಲೋಹದ ಅಚ್ಚು), ಮೂರು ಬುಲ್‌ಡಾಗ್ ಕ್ಲಿಪ್. ಕ್ಲಿಪ್ಪಿನ ‘ಯು’ ಬೋಲ್ಟ್ ಭಾಗ ಮಡಚಿ ಬಂದ ಬಾಲದ ಮೇಲೆ ಕೂರಬೇಕು, ಹಲ್ಲಿರುವ ದಪ್ಪ ತುಂಡು ಎಳೆತ ಹೊರುವ ತಂತಿಯ ಕಡೆ. ಉಲ್ಟಾ ಹಾಕಿದರೆ ‘ಯು’ ಬೋಲ್ಟ್ ಜೀವದ ತಂತಿಯನ್ನೇ ಕಚ್ಚಿ ಎಳೆಗಳನ್ನು ಮುರಿಯುತ್ತದೆ. ಅಂಗಳದಲ್ಲಿ ನೋಡಸಿಗುವ ಜೋಡಣೆಗಳಲ್ಲಿ ಉಲ್ಟಾ ಇರುವುದೇ ಹೆಚ್ಚು. ಬಿಗಿಯಲು ಪ್ರತಿ ತಂತಿಗೆ 8 ಮಿ.ಮೀ. ಟರ್ನ್‌ಬಕಲ್, ಎರಡೂ ಕಡೆ ಮುಚ್ಚಿದ ಕಣ್ಣಿನದು. ಕೊಕ್ಕೆ ತೆರೆದ ಮಾದರಿ ಅಗ್ಗ, ಆದರೆ ಎಳೆತಕ್ಕೆ ಕೊಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಬಿಗಿದಾದ ಮೇಲೆ ಟರ್ನ್‌ಬಕಲ್ ತಿರುಗದಂತೆ ಅದರ ಹೊಟ್ಟೆಯಲ್ಲಿ ಒಂದು ತುಂಡು ಬೈಂಡಿಂಗ್ ವೈರ್ ತೂರಿಸಿ ಕಟ್ಟಿ. ಗಾಳಿಯ ಅದುರಿಗೆ ಅದು ತಾನಾಗಿ ಸಡಿಲಗೊಳ್ಳುವುದು ಖಚಿತ. ವೀಣೆಯ ತಂತಿಯಂತೆ ಬಿಗಿಯುವುದು ಬೇಡ, ಕೈಯಲ್ಲಿ ಒತ್ತಿದರೆ ಎರಡು ಬೆರಳಷ್ಟು ಒಳಹೋಗಲಿ.

ನೆಲದಲ್ಲಿ ತಂತಿ ಹಿಡಿಯುವುದು ಏನು? ಹೊರಗಿನ ಸ್ಟೇಗೆ 30×30×40 ಸೆಂ.ಮೀ. ಕಾಂಕ್ರೀಟ್ ದಿಮ್ಮಿ, ಮಧ್ಯೆ 12 ಮಿ.ಮೀ. ಕಂಬಿಯ ಬಳೆ. ಒಂದೊಂದು 86 ಕಿಲೋ ತೂಗುತ್ತದೆ, 100 ಕಿ.ಮೀ. ಗಾಳಿಯಲ್ಲಿ ತಂತಿ ಮೇಲಕ್ಕೆತ್ತುವ ಬಲ 75 ಕಿಲೋ ಸುಮಾರು, ಸುತ್ತಲ ಮಣ್ಣಿನ ಹಿಡಿತ ಉಳಿತಾಯದ ಲೆಕ್ಕ. ಮೂರು ದಿಮ್ಮಿಗೂ ಸೇರಿ ಒಂದು ಚೀಲ ಸಿಮೆಂಟ್ ಸಾಕು. ಒಳಗಿನ ಸ್ಟೇ ಆದರೆ ದಿಮ್ಮಿ 40×40×50 ಆಗಬೇಕು, ಸಿಮೆಂಟ್ ಎರಡು ಚೀಲ. ಮುರಕಲ್ಲಿನ ಗಟ್ಟಿ ನೆಲದಲ್ಲಿ 20 ಮಿ.ಮೀ. ಕಬ್ಬಿಣದ ಗೂಟವನ್ನು 90 ಸೆಂ.ಮೀ. ಹೊಡೆದು ಕೆಲಸ ಸಾಗಿಸಬಹುದು, ತಲೆ ಕಂಬದಿಂದ ಆಚೆಗೆ ವಾಲಿರಲಿ. ಕಡಲ ಬದಿಯ ಮರಳಿನಲ್ಲಿ ಗೂಟ ಬೆಣ್ಣೆಯಲ್ಲಿ ಚುಚ್ಚಿದ ಹಾಗೆ, ಎಷ್ಟು ಸುಲಭವಾಗಿ ಇಳಿಯುತ್ತದೋ ಅಷ್ಟೇ ಸುಲಭವಾಗಿ ಬರುತ್ತದೆ. ತೆಂಗಿನ ಮರ ಪಕ್ಕದಲ್ಲಿದೆ ಎಂದು ಅದಕ್ಕೇ ಕಟ್ಟಬೇಡಿ. ಗಾಳಿಗೆ ತೆಂಗು ತೂಗುತ್ತದೆ, ಕಂಬವನ್ನೂ ತೂಗಿಸುತ್ತದೆ.

ಹೊರಗಿನ ಸ್ಟೇಯ ಇನ್ನೊಂದು ಅನುಕೂಲ ಎಂದೆವಲ್ಲ. ತಂತಿಗಳು ತುದಿಯಲ್ಲೇ ಇದ್ದರೆ ಕಂಬದ ಮೈ ಪೂರ್ತಿ ಬಯಲು, ದೀಪದ ಸರಗಳನ್ನು ಧ್ವಜದಂತೆ ಕೆಳಗಿನಿಂದ ಏರಿಸಬಹುದು. ಎರಡು ಇಂಚಿನ ಪೈಪಿನ 20 ಸೆಂ.ಮೀ. ತುಂಡಿಗೆ 10 ಮಿ.ಮೀ. ಕಂಬಿಯ ಬಳೆಯೊಂದನ್ನು ವೆಲ್ಡ್ ಮಾಡಿಸಿ 16 ಕೊಕ್ಕೆ ಇಡಿ. ಅದು ಕಂಬದ ಮೇಲೆ ಜಾರುವ ಕಾಲರ್. ತುದಿಯಲ್ಲಿ ಎರಡು ರಾಟೆ, 6 ಮಿ.ಮೀ. ಪಾಲಿಯೆಸ್ಟರ್ ಹಗ್ಗ. ಒಂದೇ ರಾಟೆಯಾದರೆ ಕಾಲರ್ ಒಂದು ಬದಿಗೆ ವಾಲಿ ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ, ಮೇಲೂ ಇಲ್ಲ ಕೆಳಗೂ ಇಲ್ಲ. ಒಂದು ಎಳೆ ಕೆಟ್ಟರೆ ಏಣಿ ಬೇಡ, ಇಳಿಸಿ ಸರಿಮಾಡಿ ಏರಿಸಿದರಾಯಿತು. ಒಳಗಿನ ಸ್ಟೇಯಲ್ಲಿ ಇದು ಸಾಧ್ಯವಿಲ್ಲ, ನಾಲ್ಕು ಮೀಟರಿನಲ್ಲಿ ತಂತಿಗಳು ದಾರಿ ತಡೆಯುತ್ತವೆ. ಸರವನ್ನೆಲ್ಲ ನೆಲದಲ್ಲೇ ಕಟ್ಟಿ ಕಂಬ ಎತ್ತಬೇಕು.

ಪೇಟೆಯ ಹತ್ತು ಮೀಟರಿನ ಸರವನ್ನು ಮಡಚಿದರೆ ಐದೈದು ಮೀಟರಿನ ಎರಡು ಎಳೆ. ಬುಡದ ವೃತ್ತದ ಅಡ್ಡಳತೆ ಮೂರು ಮೀಟರ್ ಇಟ್ಟುಕೊಂಡರೆ ಕಾಲರನ್ನು 4.7 ಮೀಟರಿಗೆ ನಿಲ್ಲಿಸಿದಾಗ ಎಂಟು ಸರ ಸರಿಯಾಗಿ ಮುಟ್ಟುತ್ತವೆ. ಸರದ ವೈರಿಗೇ ಎಳೆತ ಕೊಡಬೇಡಿ; ಜೊತೆಗೊಂದು ತೆಳು ಹುರಿ ಬಿಗಿದು, ಸರವನ್ನು ಅದಕ್ಕೆ ಅಡಿಗೊಂದರಂತೆ ಟೈ ಹಾಕಿ. ಹುರಿಯ ಕೆಳತುದಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದರೆ ಗಾಳಿಯ ಜಗ್ಗಾಟವನ್ನು ಅದು ನುಂಗುತ್ತದೆ. ಗೋಡೆಗೆ ಒತ್ತಿ ಅರ್ಧ ಮರ ಮಾಡುವವರು ಒಂದು ವಿಷಯ ಗಮನಿಸಬೇಕು: ಎಲ್ಲ ಎಳೆಗಳೂ ಮುಂದಕ್ಕೇ ಜಗ್ಗುವುದರಿಂದ ಗಾಳಿ ಇಲ್ಲದಾಗಲೂ ಕಂಬದ ಮೇಲೆ ಐದಾರು ಕಿಲೋ ಎಳೆತ ಇದ್ದೇ ಇರುತ್ತದೆ. ಹಿಂದಿನ ಸ್ಟೇಯನ್ನು ಮೊದಲು ಬಿಗಿದು, ಆಮೇಲೆ ಸರ ಏರಿಸಿ.

ವಿದ್ಯುತ್ತಿನ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. ಅಡಾಪ್ಟರ್ ಇಲ್ಲದ ಅಗ್ಗದ ಸೀರಿಯಲ್ ಸೆಟ್‌ಗಳಲ್ಲಿ ನೇರ 230 ವೋಲ್ಟ್ ಹರಿಯುತ್ತದೆ. ಕಬ್ಬಿಣದ ಕಂಬಕ್ಕೆ ಅವನ್ನು ಹಾಕಲೇಬಾರದು. ಸಿಪ್ಪೆ ಸುಲಿದ ಒಂದು ಜಾಗ ಸಾಕು, ಕಂಬ, ಸ್ಟೇ ಎಲ್ಲವೂ ಶಾಕ್ ಹೊಡೆಯುತ್ತವೆ. 12 ಅಥವಾ 24 ವೋಲ್ಟಿನ ಸರ, ಮಳೆ ತಡೆಯುವ ಅಡಾಪ್ಟರ್, ಕರೆಂಟು ಸೋರಿದರೆ ತಾನಾಗಿ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಕಂಬಕ್ಕೆ ಅರ್ತಿಂಗ್. ಮನೆಗೆ ಬರುವ ಸರ್ವಿಸ್ ವೈರು ಅಥವಾ ಬೀದಿಯ ಲೈನು ಕಂಬದ ಉದ್ದದ ಒಂದೂವರೆ ಪಟ್ಟಿಗಿಂತ ಹತ್ತಿರದಲ್ಲಿದ್ದರೆ ಕಬ್ಬಿಣದ ಕಂಬದ ಯೋಚನೆ ಬಿಡಿ. ಎತ್ತುವಾಗ ಮೂವರು ಇರಲಿ: ಇಬ್ಬರು ಕಂಬಕ್ಕೆ, ಒಬ್ಬರು ತುದಿಯ ತಂತಿಗೆ. 22 ಕಿಲೋದ ಕಂಬವನ್ನು ನಿಲ್ಲಿಸಿ, ಒಂದಡಿ ಎತ್ತಿ, ತುಂಡು ಪೈಪಿಗೆ ಇಳಿಸುವ ಆ ಒಂದು ಕ್ಷಣಕ್ಕೆ ಮೂರನೆಯವರು ಬೇಕು.

ಉಳಿದ ಕಂಬಗಳ ಬಗ್ಗೆ. ಪಿವಿಸಿಗೆ ಸೊನ್ನೆ: ಉಕ್ಕಿನ ಬಿಗುವಿನಲ್ಲಿ ಅರುವತ್ತರಲ್ಲೊಂದು ಪಾಲೂ ಅದಕ್ಕಿಲ್ಲ, ಗಾಳಿ ಬೇಡ, ಸರದ ಎಳೆತಕ್ಕೇ ಬಿಲ್ಲಾಗುತ್ತದೆ, ಒಳಗೆ ಮರಳು ತುಂಬಿದರೂ ಅಷ್ಟೆ. ಆನ್‌ಲೈನಿನಲ್ಲಿ ಸಿಗುವ ಅಲ್ಯುಮಿನಿಯಂ ಟೆಲಿಸ್ಕೋಪಿಕ್ ಧ್ವಜಸ್ತಂಭಕ್ಕೆ ಎರಡು. ಧ್ವಜ ಪಕ್ಕಕ್ಕೆ ಎಳೆಯುತ್ತದೆ, ದೀಪದ ಮರ ಕೆಳಕ್ಕೆ ಒತ್ತುತ್ತದೆ. 16 ಎಳೆಗೆ ಎರಡೆರಡು ಕಿಲೋ ಬಿಗಿದರೆ 32 ಕಿಲೋ. ತಿರುಚಿ ಬಿಗಿಯುವ ಜೋಡಣೆ ಅಷ್ಟು ಭಾರಕ್ಕೆ ರಾತ್ರೋರಾತ್ರಿ ಜಾರುತ್ತದೆ. ಬಟನ್ ಒತ್ತಿ ಕೂರಿಸುವ ಮಾದರಿ ಪರವಾಗಿಲ್ಲ, ಆದರೆ ತೂತಿನ ಸುತ್ತ ತೆಳು ಅಲ್ಯುಮಿನಿಯಂ ಹರಿಯುತ್ತದೆ. ರೇಲಿಂಗಿಗೆ ಬಳಸುವ ಎರಡು ಇಂಚಿನ 16 ಗೇಜ್ (ಸುಮಾರು 1.6 ಮಿ.ಮೀ. ದಪ್ಪದ) ಸ್ಟೇನ್‌ಲೆಸ್ ಪೈಪು ಚೆಂದ ಕಾಣುತ್ತದೆ, ಬಿಗುವಿನಲ್ಲಿ ನಮ್ಮ ಜಿಐ ಪೈಪಿನ ಮೂರನೇ ಎರಡು ಪಾಲು ಮಾತ್ರ, ದುಡ್ಡು ಹೆಚ್ಚು. 304 ದರ್ಜೆಯದೆಂದು ಹೇಳಿ ಅಗ್ಗದ 202 ದರ್ಜೆಯದು ಕೊಟ್ಟರೆ ಕಡಲ ಬದಿಯಲ್ಲಿ ಅದಕ್ಕೂ ತುಕ್ಕು. ಮೂರು. ಕಾಂಕ್ರೀಟ್ ತುಂಬಿದ ಟಯರಿನಲ್ಲಿ ಕಂಬ ನಿಲ್ಲಿಸುವ ಪದ್ಧತಿ ಎಂಟಡಿಯವರೆಗೆ ಸರಿ. ಐದು ಮೀಟರಿನ ಮರ ಉರುಳಿಸುವ ಬಲದಲ್ಲಿ ಐದನೇ ಒಂದು ಪಾಲನ್ನೂ ಅದು ತಡೆಯದು.

ಬಾಡಿಗೆ ಮನೆಯವರಿಗೆ, ಗುಂಡಿ ತೋಡಲಾಗದವರಿಗೆ ನಮ್ಮ ಎರಡನೇ ಆಯ್ಕೆ ಹಳೆಯದೇ: ದಪ್ಪ ಬಿದಿರು, ಇಲ್ಲವೇ ಚಪ್ಪರಕ್ಕೆ ಹಾಕುವ ಅಡಿಕೆ ಮರದ ಕಂಬ. 15 ಅಡಿಯವರೆಗೆ, ಸ್ಟೇ ಹಾಕಿದರೆ, ಮೂರೂವರೆ ಅಂಕಕ್ಕೆ ಮೋಸವಿಲ್ಲ. ಮೊಳೆ ಹೊಡೆಯಬೇಡಿ, ಸೀಳುತ್ತದೆ. ಸ್ಟೇಯನ್ನು ಗೆಣ್ಣಿನ ಮೇಲ್ಬದಿಗೆ ಸುತ್ತಿ ಕಟ್ಟಿದರೆ ಕೆಳಗೆ ಜಾರದು. ಹಸಿ ಬಿದಿರು ಒಣಗುತ್ತ ಸೊರಗುವುದರಿಂದ ವಾರಕ್ಕೊಮ್ಮೆ ಕಟ್ಟು ಬಿಗಿಯಬೇಕು. ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ ಅದು ತೊಂಡೆ ಬಳ್ಳಿಗೋ ಅಲಸಂಡೆಗೋ ಆಸರೆಯಾಗುತ್ತದೆ. ಜಿಐ ಕಂಬವನ್ನು ಮಾತ್ರ ಅಡ್ಡ ಮಲಗಿಸಿ, ಎರಡು ತುದಿಗೂ ಮುಚ್ಚಳ ಹಾಕಿ, ನೆಲದಲ್ಲಿ ಉಳಿದ ತುಂಡು ಪೈಪಿನ ಬಾಯಿಗೂ ಒಂದು ಮುಚ್ಚಳ ತಪ್ಪದೆ ಹಾಕಿ. ರಾತ್ರಿ ಅಂಗಳದಲ್ಲಿ ನಡೆಯುವವರ ಮೊಣಕಾಲಿಗೆ ಅದು ಕಾಣುವಂತೆ ಮೇಲೊಂದು ಹೂಕುಂಡ ಕವುಚಿಟ್ಟರೂ ಆದೀತು.